ಬಾಯಿ ಕೂಡಿದರೆ ಸಾಲದು, ಒತ್ತಡ ಕೂಡಬೇಕು

ಹನೂರಿನ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಜರ್ಮನಿಯಲ್ಲಿರುವ ಅವರ ತಮ್ಮ ಊರಿಗೆ ಬರುವಾಗ ಗ್ಯಾಸಿನ ಬಾರ್ಬೆಕ್ಯು ಒಲೆಯೊಂದನ್ನು ಹೊತ್ತು ತಂದಿದ್ದಾರೆ. ಬನದ ಹುಣ್ಣಿಮೆಗೆ ಶುರುವಾಗುವ ಚಿಕ್ಕಲ್ಲೂರು ಸಿದ್ಧಪ್ಪಾಜಿ ಜಾತ್ರೆಯಲ್ಲಿ, ಪಂಕ್ತಿಸೇವೆಯ ದಿನ ಬಿಡಾರದ ಮುಂದೆ ಅದನ್ನು ಹಚ್ಚುವ ಆಸೆ ಮನೆಮಂದಿಗೆ. ಆದರೆ ಒಲೆಯ ಪೈಪು ನಮ್ಮ ಸಿಲಿಂಡರಿಗೆ ಕೂರುವುದಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು, "ಲೇತಲ್ಲಿ ಒಂದು ಅಡಾಪ್ಟರ್ ಕಡೆದುಕೊಡ್ತೀನಿ, ಕೂತ್ಕಂಡ್ರೆ ಮುಗೀತು" ಎಂದಿದ್ದಾರಂತೆ. ಹಾಕಿಸಬಹುದೇ?

ಬೇಡ. ಕೂತುಬಿಟ್ಟರೆ ಮುಗಿಯಿತು ಎನ್ನುವುದೇ ಇಲ್ಲಿನ ತಪ್ಪು ತಿಳಿವಳಿಕೆ. ಪೈಪು ಕೂರಿಸುವುದು ಕಷ್ಟದ ಕೆಲಸವಲ್ಲ. ಸಿಲಿಂಡರಿಗೂ ಒಲೆಗೂ ನಡುವೆ ಕೂತಿರುವ, ನಾವು ಯಾರೂ ತಿರುಗಿ ನೋಡದ ರೆಗ್ಯುಲೇಟರ್ ಎಂಬ ಪುಟ್ಟ ಯಂತ್ರ ಮಾಡುವ ಕೆಲಸ ಮಾತ್ರ ಯಾವ ಲೇತಿನಲ್ಲೂ ಆಗುವಂಥದ್ದಲ್ಲ.

ಮನೆಯ 14.2 ಕಿಲೋ ಸಿಲಿಂಡರಿನಲ್ಲಿರುವುದು ಬ್ಯುಟೇನ್ ಮತ್ತು ಪ್ರೊಪೇನ್ ಬೆರೆತ ದ್ರವ. ಅದರ ಮೇಲೆ ಕೂತಿರುವ ಆವಿಯ ಒತ್ತಡ ಹವೆಯ ಸೆಕೆಗೆ ತಕ್ಕಂತೆ ಏರಿಳಿಯುತ್ತದೆ. ನಮ್ಮ ಬಯಲಿನ ಬಿಸಿಲಿಗೆ ಚದರ ಸೆಂಟಿಮೀಟರಿಗೆ 5ರಿಂದ 7 ಕಿಲೋ ಎಂದಿಟ್ಟುಕೊಳ್ಳಿ. ಬರಿಯ ಅಂಕಿಯಲ್ಲಿ ಇದು ಮನಸ್ಸಿಗೆ ನಾಟುವುದಿಲ್ಲ. 7 ಕಿಲೋ ಒತ್ತಡ ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ನೀರನ್ನು 70 ಮೀಟರ್ ಮೇಲಕ್ಕೆ ತಳ್ಳಬಲ್ಲದು. ಕೊಳ್ಳೇಗಾಲದ ಪಕ್ಕದ ಭರಚುಕ್ಕಿ ಧುಮುಕುವ ಎತ್ತರ ಸುಮಾರು 69 ಮೀಟರ್. ಅಂದರೆ ಅಡುಗೆಮನೆಯ ಮೂಲೆಯ ಆ ಕೆಂಪು ಸಿಲಿಂಡರಿಗೆ ಭರಚುಕ್ಕಿಯನ್ನು ಬುಡದಿಂದ ನೆತ್ತಿಗೆ ವಾಪಸು ಏರಿಸುವಷ್ಟು ಕಸುವಿದೆ. ಇನ್ನು ಒಲೆಗೆ ಬೇಕಾದದ್ದೆಷ್ಟು? ಚದರ ಸೆಂಟಿಮೀಟರಿಗೆ 30 ಗ್ರಾಂ. ಅದೇ ಕೊಳವೆಯಲ್ಲಿ 30 ಸೆಂಟಿಮೀಟರ್ ನೀರು, ಶಾಲೆ ಹುಡುಗರ ಸ್ಕೇಲಿನಷ್ಟು. ಒತ್ತಡವನ್ನು ಇನ್ನೂರು ಪಟ್ಟಿಗೂ ಹೆಚ್ಚು ಇಳಿಸುವ ಈ ಕೆಲಸವನ್ನು ವಿದ್ಯುತ್ತು, ಬ್ಯಾಟರಿ, ಚಿಪ್ಪು ಯಾವುದರ ಹಂಗೂ ಇಲ್ಲದೆ ರೆಗ್ಯುಲೇಟರು ವರ್ಷಗಟ್ಟಲೆ ಮಾಡುತ್ತದೆ.

ಹೇಗೆ ಎನ್ನುವುದು ಇನ್ನೂ ಸೊಗಸು. ಅದರ ದುಂಡು ಹೊಟ್ಟೆಯೊಳಗೆ ತೆಳ್ಳನೆಯ ರಬ್ಬರ್ ಪೊರೆಯೊಂದಿದೆ. ಪೊರೆಯ ಮೇಲೊಂದು ಸ್ಪ್ರಿಂಗು, ಕೆಳಗೊಂದು ಸನ್ನೆಕಡ್ಡಿ. ಕಡ್ಡಿಯ ತುದಿಯಲ್ಲಿ, ಗ್ಯಾಸು ಒಳಬರುವ ಸೂಕ್ಷ್ಮ ರಂಧ್ರವನ್ನು ಮುಚ್ಚಿ ತೆರೆಯುವ ಬಿರಡೆ. ನೀವು ಬರ್ನರ್ ಹಚ್ಚಿದೊಡನೆ ಪೊರೆಯ ಕೆಳಗಿನ ಗ್ಯಾಸು ಖರ್ಚಾಗಿ ಒತ್ತಡ ತುಸು ಇಳಿಯುತ್ತದೆ. ಸ್ಪ್ರಿಂಗು ಗೆದ್ದು ಪೊರೆ ಕೆಳಗೆ ಬಾಗುತ್ತದೆ, ಕಡ್ಡಿ ಬಿರಡೆಯನ್ನು ಸರಿಸುತ್ತದೆ, ಗ್ಯಾಸು ಬರುತ್ತದೆ. ಬರ್ನರ್ ಆರಿಸಿದರೆ ಒತ್ತಡ ಏರಿ ಪೊರೆ ಮೇಲೆದ್ದು ರಂಧ್ರ ಮುಚ್ಚಿಕೊಳ್ಳುತ್ತದೆ. ಸಿಲಿಂಡರು ತುಂಬಿರಲಿ, ತಳ ಕಾಣುತ್ತಿರಲಿ, ಯಳಂದೂರಿನ ಏಪ್ರಿಲ್ ಮಧ್ಯಾಹ್ನವಿರಲಿ, ಬಿಳಿಗಿರಿರಂಗನ ಬೆಟ್ಟದ ಡಿಸೆಂಬರ್ ಮುಂಜಾವಿರಲಿ, ಈಚೆಗೆ ಬರುವುದು ಹೆಚ್ಚುಕಡಿಮೆ ಅದೇ 30 ಗ್ರಾಂ. ಮೇಲಿನ ಗುಬುಟು ಆನ್ ಮತ್ತು ಆಫ್‌ಗಷ್ಟೇ. ಅದನ್ನು ಅರ್ಧ ತಿರುಗಿಸಿಟ್ಟರೆ ಗ್ಯಾಸು ಉಳಿಯುತ್ತದೆಂದು ನಂಬಿದವರು ನನ್ನ ನೆಂಟರಲ್ಲೇ ಇದ್ದಾರೆ. ಏನೂ ಉಳಿಯುವುದಿಲ್ಲ.

ಆ ಪೊರೆಯ ಮೇಲ್ಗಡೆ ಹೊರಗಿನ ಗಾಳಿ ಓಡಾಡಬೇಕು. ಅದಕ್ಕೆಂದೇ ರೆಗ್ಯುಲೇಟರಿನ ಮುಚ್ಚಳದಲ್ಲಿ ಸೂಜಿಮೊನೆಯಂಥ ತೂತೊಂದನ್ನು ಬಿಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ಪೊರೆಗೆ ಉಸಿರಾಟವಿಲ್ಲ, ಒತ್ತಡದ ಲೆಕ್ಕ ತಪ್ಪುತ್ತದೆ. ನಾವು ಮಾಡುವುದೇನು? "ಇಲ್ಲಿಂದಲೇ ಲೀಕಾಗ್ತಿರಬೇಕು" ಎಂದು ಸೋಪು ಮೆತ್ತುತ್ತೇವೆ, ಎಂ-ಸೀಲ್ ಬಳಿಯುತ್ತೇವೆ. ಆಯುಧಪೂಜೆಯ ದಿನವಂತೂ ಕೇಳಲೇಬೇಡಿ, ನೀರಲ್ಲಿ ಕಲಸಿದ ವಿಭೂತಿ, ಅದರ ಮೇಲೆ ಕುಂಕುಮ, ಎಲ್ಲವೂ ರೆಗ್ಯುಲೇಟರಿನ ನೆತ್ತಿಗೇ. ಪೂಜೆ ಬೇಡವೆನ್ನಲು ನಾನ್ಯಾರು? ಸಿಲಿಂಡರಿನ ಹೊಟ್ಟೆಯ ಮೇಲೆ ಬೇಕಾದಷ್ಟು ಜಾಗವಿದೆ, ಅಲ್ಲಿ ಹಚ್ಚಿ. ಆ ತೂತಿನಿಂದ ನಿಜವಾಗಿಯೂ ಗ್ಯಾಸು ಬರುತ್ತಿದ್ದರೆ ಪೊರೆ ಹರಿದಿದೆ ಎಂದರ್ಥ. ಅದಕ್ಕೆ ಮೆತ್ತುವ ಮದ್ದಿಲ್ಲ, ಏಜೆನ್ಸಿಗೆ ಒಯ್ದು ರೆಗ್ಯುಲೇಟರನ್ನೇ ಬದಲಾಯಿಸಬೇಕು.

ಈಗ ಜರ್ಮನಿಯ ಒಲೆಗೆ ಬರೋಣ. ಯಾವ ದೇಶದ ಗ್ಯಾಸ್ ಒಲೆಯಾದರೂ ಅದರ ಬೆನ್ನಿಗೋ ತಳಕ್ಕೋ ತಗಡಿನ ಪಟ್ಟಿ ಅಂಟಿಸಿರುತ್ತಾರೆ. ಯಾವ ಗ್ಯಾಸು, ಎಷ್ಟು ಮಿಲಿಬಾರ್ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ 30 ಗ್ರಾಂ ಅಂದರೆ ಸುಮಾರು 29 ಮಿಲಿಬಾರ್. ಅಮೆರಿಕ, ಆಸ್ಟ್ರೇಲಿಯಾಗಳ ಬಾರ್ಬೆಕ್ಯುಗಳು ಇದಕ್ಕೆ ಹತ್ತಿರವೇ, ಸುಮಾರು 27.5. ಬ್ರಿಟನ್ನಿನಲ್ಲಿ ಪ್ರೊಪೇನಿಗೆ 37, ಬ್ಯುಟೇನಿಗೆ 28. ಜರ್ಮನಿಯಲ್ಲಿ ಸಾಮಾನ್ಯವಾಗಿ 50. ಪೈಪ್‌ಲೈನ್ ಗ್ಯಾಸಿಗೆಂದು ಮಾಡಿದ ಒಲೆಯಾದರೆ ಅದರ ಜೆಟ್ಟಿನ ತೂತೇ ದೊಡ್ಡದು. ಅದನ್ನು ಸಿಲಿಂಡರಿಗೆ ಸಿಕ್ಕಿಸಿದರೆ ಹಳದಿ ಜ್ವಾಲೆ ಎದ್ದು ಮಾಂಸಕ್ಕೆಲ್ಲ ಮಸಿ.

ನಮ್ಮ ಓದುಗರ ಒಲೆ 50 ಮಿಲಿಬಾರಿನದೇ ಆಗಿದ್ದರೆ, 30 ಗ್ರಾಮಿನ ರೆಗ್ಯುಲೇಟರಿಗೆ ಅದು ಮುಕ್ಕಾಲು ಭಾಗದಷ್ಟು ಗ್ಯಾಸನ್ನೇ ಪಡೆಯುತ್ತದೆ. ಉರಿ ಸೊರಗುತ್ತದೆ, ಕೆಲವೊಮ್ಮೆ ಬರ್ನರಿನ ಒಳಗೇ ಹೊತ್ತಿಕೊಳ್ಳುತ್ತದೆ. "ಜೆಟ್ಟಿನ ತೂತು ಸ್ವಲ್ಪ ದೊಡ್ಡದು ಮಾಡಿದ್ರೆ ಸರಿಹೋಗುತ್ತೆ" ಎಂಬ ಸಲಹೆ ಆಗ ಬಂದೇ ಬರುತ್ತದೆ. ಡ್ರಿಲ್ ಹಾಕಿಸಬೇಡಿ. ಒಲೆ ಮಾಡಿದ ಕಂಪನಿಯಲ್ಲಿ 30 ಮಿಲಿಬಾರಿನ ಜೆಟ್ ಸಿಗುತ್ತದೆಯೇ ಎಂದು ತಮ್ಮನಿಂದಲೇ ವಿಚಾರಿಸಿ ತರಿಸಿಕೊಳ್ಳಿ. ಅಲ್ಲಿನ ಪೈಪಿನ ನಟ್ಟು ಎಡಸುತ್ತಿನದಾಗಿರುತ್ತದೆ ಎಂಬುದೂ ನೆನಪಿರಲಿ. ಉರಿಯುವ ಗ್ಯಾಸಿನ ಜೋಡಣೆಗೆ ಬೇರೆ ಗ್ಯಾಸಿನ ಪೈಪು ತಪ್ಪಿ ಸೇರದಿರಲೆಂದು ಹಾಗೆ ಮಾಡಿದ್ದಾರೆ. ಬಲಕ್ಕೆ ತಿರುಗಿಸಿ ಸ್ಪ್ಯಾನರಿನಿಂದ ಬಿಗಿದವರು ಥ್ರೆಡ್ಡನ್ನು ಹಾಳುಮಾಡಿಕೊಂಡರು ಎಂದೇ ಲೆಕ್ಕ.

ಇದಕ್ಕಿಂತ ದೊಡ್ಡ ಅಪಾಯ ಜಾತ್ರೆಯಲ್ಲಿದೆ. ನೂರಾರು ಜನರಿಗೆ ಬೇಯಿಸುವ ಅಡುಗೆಯವರ ಭಾರಿ ಒಲೆಗಳಿಗೆ ಹೈ-ಪ್ರೆಶರ್ ರೆಗ್ಯುಲೇಟರ್ ಬೇಕಾಗುತ್ತದೆ. ನೋಡಲು ಅದೂ ಸಿಲಿಂಡರಿನ ತಲೆಯ ಮೇಲಿನ ಒಂದು ಲೋಹದ ತುಂಡೇ, ಆದರೆ ಅದರಿಂದ ಹೊರಬೀಳುವುದು ಗ್ರಾಂ ಲೆಕ್ಕದ ಒತ್ತಡವಲ್ಲ, ಕಿಲೋ ಲೆಕ್ಕದ್ದು. ಪಕ್ಕದ ಬಿಡಾರದವರಿಂದ ಅದನ್ನು ಎರವಲು ತಂದು ಬಾರ್ಬೆಕ್ಯುಗೆ ಹಾಕಿದರೆ ಜ್ವಾಲೆ ಬರ್ನರ್ ಬಿಟ್ಟು ಮೇಲೇಳುತ್ತದೆ, ಪೈಪು ನಾಝಲಿನಿಂದ ಕಳಚಿ ಹಾರುತ್ತದೆ. ರೆಗ್ಯುಲೇಟರೇ ಇಲ್ಲದ ಬರಿಯ ಅಡಾಪ್ಟರ್ ಅಂತೂ ಭರಚುಕ್ಕಿಯ ಒತ್ತಡವನ್ನು ಸೀದಾ ರಬ್ಬರ್ ಪೈಪಿಗೆ ಬಿಟ್ಟಂತೆಯೇ. ಲೇತಿನಲ್ಲಿ ಕಡೆದುಕೊಡುವ ಅಡಾಪ್ಟರಿನ ತಕರಾರು ಇದೇ.

ಸಿಲಿಂಡರ್ ಯಾವುದು? ಮನೆಯದನ್ನು ಹೊತ್ತೊಯ್ಯುವ ಬದಲು ಛೋಟು ಎಂಬ ಹೆಸರಿನಲ್ಲಿ ಸಿಗುವ 5 ಕಿಲೋದ್ದು ವಾಸಿ. ಅದಕ್ಕೆ ಹೊಂದುವ ರೆಗ್ಯುಲೇಟರನ್ನು ಅದನ್ನು ಕೊಟ್ಟವರಲ್ಲೇ ಕೇಳಿ ಪಡೆಯಿರಿ, ಏಕೆಂದರೆ ಎಲ್ಲ ಸಿಲಿಂಡರುಗಳ ವಾಲ್ವಿನ ಅಳತೆ ಒಂದೇ ಅಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಗ್ಯಾಸು ತುಂಬಿಸಿಕೊಡುವವರ ಬಳಿ ಹೋಗಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ. ಪೈಪು ಐಎಸ್ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪಾಗಿರಲಿ, ಅದಕ್ಕೂ ಐದು ವರ್ಷವೇ ಆಯಸ್ಸು. ಜೋಡಿಸುವ ಮುನ್ನ ವಾಲ್ವಿನೊಳಗಿನ ರಬ್ಬರ್ ವಾಷರ್ ಇದೆಯೇ, ಬಿರಿದಿದೆಯೇ ನೋಡಿ. ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ಪರೀಕ್ಷಿಸುವ ಶೂರರು ಈಗಲೂ ಇದ್ದಾರೆ, ಅವರನ್ನು ಬಿಡಾರದಿಂದಾಚೆ ಕೂರಿಸಿ.

ಸಿಲಿಂಡರನ್ನು ನಿಲ್ಲಿಸಿಯೇ ಇಡಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ, ಈಚೆ ಬಂದು ಸುಮಾರು 250 ಪಟ್ಟು ಹಿಗ್ಗುತ್ತದೆ. ಈ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದ್ದು ನೆಲಕ್ಕಂಟಿ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಒಲೆ ಬಯಲಿನಲ್ಲಿರಲಿ, ಟಾರ್ಪಾಲಿನ ಒಳಗೆ ಬೇಡ, ಹಳ್ಳದಲ್ಲೂ ಬೇಡ. ಕಾಡಿನೊಳಗಂತೂ ಹಚ್ಚಲೇಬೇಡಿ.

ಒಲೆಯ ತಗಡುಪಟ್ಟಿಯ ಫೋಟೋ ತೆಗೆದುಕೊಂಡು ನಿಮ್ಮ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ಗೆ ತೋರಿಸಿ, ಜೋಡಣೆಯನ್ನು ಜಾತ್ರೆಗೆ ಮೊದಲೇ ಮನೆಯಂಗಳದಲ್ಲಿ ಅವರಿಂದಲೇ ಮಾಡಿಸಿ ನೋಡಿ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಸ್ವಿಚ್ಚು ಮುಟ್ಟದೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ಆ ಸಂಖ್ಯೆ ದಿನದ 24 ಗಂಟೆಯೂ ಕೆಲಸ ಮಾಡುತ್ತದೆ.