ತಲೆಮಾರಿಗೊಬ್ಬ ಬಂದರೆ ಸಾಕೆ?

ಹುಟ್ಟು-ಸಾವಿನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಊರಿನ ಹಣೆಬರಹವನ್ನೂ ಕಾಡಿನ ಹಣೆಬರಹವನ್ನೂ ತಿದ್ದುವ ಇನ್ನೊಂದು ಅಂಕಿ ಇದೆ: ಎಷ್ಟು ಮಂದಿ ಬಂದರು, ಎಷ್ಟು ಮಂದಿ ಹೋದರು?

ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನರಿದ್ದರು. 2011ರ ಜನಗಣತಿಯಲ್ಲಿ ಸಿಕ್ಕವರು 11,37,961. ಆ ಹತ್ತು ವರ್ಷಗಳಲ್ಲಿ ಜಿಲ್ಲೆಗೆ ಪ್ಲೇಗು ಬಡಿದಿರಲಿಲ್ಲ, ಕ್ಷಾಮವೂ ಬಂದಿರಲಿಲ್ಲ. ಸತ್ತವರಿಗಿಂತ ಹುಟ್ಟಿದವರೇ ಹೆಚ್ಚು. ಆದರೂ ಎಣಿಸಿ ನೋಡಿದರೆ ಸುಮಾರು ಮೂರು ಸಾವಿರ ತಲೆ ಕಡಿಮೆ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಬೆಳೆಯಿತು. ಬರೀ ಹೆರಿಗೆಗಳಿಂದ ಯಾವ ಊರೂ ಹತ್ತು ವರ್ಷದಲ್ಲಿ ಹೀಗೆ ಹಿಗ್ಗುವುದಿಲ್ಲ.

ಒಂದು ಕಾಲಕ್ಕೆ ಕರಾವಳಿಯ ಜನ ಕಾಫಿ ತೋಟದ ಕೂಲಿಗೆಂದು ಘಟ್ಟ ಹತ್ತುತ್ತಿದ್ದರು. ಈಗ ಘಟ್ಟದ ಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನ ಕಡೆಯ ಕಾರ್ಮಿಕರ ಸಂಸಾರಗಳಿವೆ. ಹೋಗುವವರು ಬಹುಪಾಲು ಇಪ್ಪತ್ತರಿಂದ ಮೂವತ್ತೈದರ ಒಳಗಿನವರು. ಹಾಗಾಗಿ ಅವರ ಜೊತೆಗೆ ಅವರಿಗೆ ಮುಂದೆ ಹುಟ್ಟಲಿರುವ ಮಕ್ಕಳೂ ಊರು ಬಿಟ್ಟಂತೆ. ಊರಿನಲ್ಲಿ ಉಳಿಯುವುದು ದೊಡ್ಡ ಮನೆ ಮತ್ತು ವಯಸ್ಸಾದ ಅಪ್ಪ ಅಮ್ಮ.

ಅದೇ ಜಿಲ್ಲೆಯ ಭದ್ರಾ ಅಭಯಾರಣ್ಯದಲ್ಲಿ ಇನ್ನೊಂದು ವಲಸೆ ನಡೆಯಿತು. 2002ರ ಹೊತ್ತಿಗೆ ಕಾಡಿನೊಳಗಿದ್ದ 400ಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡವು. ಗದ್ದೆಯಿದ್ದಲ್ಲಿ ಹುಲ್ಲು ಬೆಳೆಯಿತು. ಹುಲ್ಲಿಗೆ ಜಿಂಕೆ, ಕಾಟಿ ಬಂದವು. ಅವುಗಳ ಹಿಂದೆ ಹುಲಿಯೂ ಬಂತು.

ಒಳಹರಿವು ಮತ್ತು ಕೋಡಿ

ಕೆರೆಯ ನೀರಿನ ಮಟ್ಟವೊಂದನ್ನೇ ನೋಡಿದರೆ ಒಳಹರಿವು ಎಷ್ಟು, ಕೋಡಿ ಬೀಳುತ್ತಿರುವುದೆಷ್ಟು ಎಂದು ತಿಳಿಯುವುದಿಲ್ಲ. ಜೀವಿಗಳ ಸಂಖ್ಯೆಯದ್ದೂ ಇದೇ ಕಥೆ. ಇದನ್ನು ಬಿಡಿಸಿ ತೋರಿಸಿದ ಅಧ್ಯಯನ ನಮ್ಮ ನಾಗರಹೊಳೆಯಲ್ಲೇ ನಡೆದಿದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು 1991ರಿಂದ 2000ದವರೆಗೆ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳ ಗುರುತಿನಿಂದ ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸಿದರು. 2006ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಒಂದು ವರ್ಷ ಕಂಡ ಹುಲಿ ಮರುವರ್ಷವೂ ಅಲ್ಲೇ ಇರುವ ಸಾಧ್ಯತೆ ನೂರಕ್ಕೆ 77. ಉಳಿದ 23 ಒಂದೋ ಸತ್ತಿವೆ, ಇಲ್ಲವೇ ಊರು ಬಿಟ್ಟಿವೆ. ಪ್ರತಿವರ್ಷ ಇಷ್ಟು ಹುಲಿ ಕಳೆದುಕೊಂಡರೂ ನಾಗರಹೊಳೆ ಖಾಲಿಯಾಗಲಿಲ್ಲ. ಬೇಟೆಪ್ರಾಣಿ ದಂಡಿಯಾಗಿದ್ದುದರಿಂದ ಮರಿಗಳು ಹುಟ್ಟುತ್ತಲೇ ಇದ್ದವು, ಹೊರಗಿನ ಹುಲಿಗಳೂ ಬಂದು ಸೇರುತ್ತಿದ್ದವು.

ಊರು ಬಿಟ್ಟವು ಎಲ್ಲಿಗೆ ಹೋದವು? ಸುಮಾರು ಎರಡು ವರ್ಷಕ್ಕೆ ಮರಿ ತಾಯಿಯನ್ನು ಬಿಡುತ್ತದೆ. ಹೆಣ್ಣು ಸಾಮಾನ್ಯವಾಗಿ ತಾಯಿಯ ನೆಲೆಯ ಪಕ್ಕದಲ್ಲೇ ಜಾಗ ಹುಡುಕುತ್ತದೆ. ಗಂಡು ದೂರ ನಡೆಯುತ್ತದೆ. 2010ರಲ್ಲಿ ಬಂಡೀಪುರದ ಕ್ಯಾಮೆರಾಕ್ಕೆ ಸಿಕ್ಕ ಗಂಡುಹುಲಿಯೊಂದು ಮರುವರ್ಷ ಶಿಕಾರಿಪುರದ ಬಳಿ ಸೆರೆಯಾಯಿತು. ಪಟ್ಟೆ ತಾಳೆ ನೋಡಿದಾಗ ಅದೇ ಹುಲಿ. ನಡುವಿನ ದೂರ ಸುಮಾರು 280 ಕಿಲೋಮೀಟರ್. ಕಾಫಿ ತೋಟ, ಅಡಿಕೆ ತೋಟ, ರಸ್ತೆ, ಊರು ಎಲ್ಲವನ್ನೂ ಅದು ದಾಟಿತ್ತು.

ರೈಟ್ ಕೊಟ್ಟ ಸೂತ್ರ

ಇಷ್ಟು ದೂರ ನಡೆದ ಒಂದೇ ಒಂದು ಹುಲಿಯಿಂದ ಏನಾದೀತು? ತುಂಬಾ ಆಗುತ್ತದೆ. ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲೇ ಇದಕ್ಕೆ ಗಣಿತ ಕಟ್ಟಿದ್ದರು. ಬೇರೆಯಾದ ಎರಡು ಗುಂಪುಗಳ ನಡುವೆ ತಲೆಮಾರಿಗೆ ಸರಾಸರಿ ಒಂದು ಜೀವಿ ದಾಟಿ ಹೋಗಿ ಮರಿ ಹಾಕಿದರೂ ಸಾಕು, ಅವು ತಳಿಯಲ್ಲಿ ಪೂರ್ತಿ ಬೇರೆಯಾಗುವುದಿಲ್ಲ. ಗುಂಪಿನ ಗಾತ್ರ ಹತ್ತಿರಲಿ, ಸಾವಿರವಿರಲಿ, ಸೂತ್ರ ಬದಲಾಗದು. ಸಣ್ಣ ಗುಂಪಿನಲ್ಲಿ ಜೀನ್‌ಗಳು ಆಕಸ್ಮಿಕವಾಗಿ ಕಳೆದುಹೋಗುವ ವೇಗ ಹೆಚ್ಚು ನಿಜ, ಆದರೆ ಅಲ್ಲಿಗೆ ಬಂದ ಒಬ್ಬನ ಪಾಲೂ ಅಷ್ಟೇ ದೊಡ್ಡದು. ವಾಸ್ತವದ ಕಾಡಿನಲ್ಲಿ ಬಂದವರೆಲ್ಲ ಸಂಸಾರ ಹೂಡುವುದಿಲ್ಲ. ಆದ್ದರಿಂದ ತಲೆಮಾರಿಗೆ ಒಂದರಿಂದ ಹತ್ತು ಇರಲಿ ಎಂದು ನಂತರದ ವಿಜ್ಞಾನಿಗಳು ತಿದ್ದಿದರು.

ಫ್ಲಾರಿಡಾದ ಪ್ಯಾಂಥರ್‌ಗಳು ಈ ಸೂತ್ರಕ್ಕೆ ಸಾಕ್ಷಿ. ತೊಂಬತ್ತರ ದಶಕದ ಮೊದಲಲ್ಲಿ ಅವು ಇಪ್ಪತ್ತು-ಮೂವತ್ತಕ್ಕೆ ಇಳಿದಿದ್ದವು. ಬಾಲ ಡೊಂಕು, ಹೃದಯದಲ್ಲಿ ದೋಷ, ಗಂಡುಗಳಲ್ಲಿ ವೃಷಣ ಕೆಳಗಿಳಿಯದ ತೊಂದರೆ. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು. ಐದು ಮರಿ ಹಾಕಿದವು. ಸಂಖ್ಯೆ ಮೂರು ಪಟ್ಟಾಯಿತು, ದೋಷಗಳು ತಗ್ಗಿದವು.

ಆದರೆ ಒಮ್ಮೆ ಬಂದರೆ ಸಾಕೆ? ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿ ಇದಕ್ಕೆ ಉತ್ತರವಿದೆ. 1997ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಕೆನಡಾ ಕಡೆಯಿಂದ ಒಂಟಿ ಗಂಡುತೋಳವೊಂದು ದ್ವೀಪಕ್ಕೆ ಬಂತು. ಅದರ ಸಂತಾನ ದಷ್ಟಪುಷ್ಟವಾಗಿತ್ತು, ದ್ವೀಪದ ತೋಳಗಳಿಗೆ ಹೊಸ ರಕ್ತ ಸಿಕ್ಕಿತು. ಆದರೆ ಎಷ್ಟು ಚೆನ್ನಾಗಿ ಗೆದ್ದಿತೆಂದರೆ, ಹತ್ತು-ಹನ್ನೆರಡು ವರ್ಷಗಳಲ್ಲಿ ದ್ವೀಪದ ತೋಳಗಳ ಜೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರದ್ದೇ. ಎಲ್ಲವೂ ಅಣ್ಣತಂಗಿಯರಾದವು. ಚಳಿಗಾಲ ಬೆಚ್ಚಗಾಗುತ್ತ ಹಿಮದ ಸೇತುವೆ ಅಪರೂಪವಾಯಿತು, ಇನ್ನೊಂದು ವಲಸಿಗ ಬಂದು ಬೆರೆಯಲಿಲ್ಲ. 2016ಕ್ಕೆ ಉಳಿದದ್ದು ಎರಡೇ ತೋಳ. ಕೊನೆಗೆ 2018-19ರಲ್ಲಿ ಮನುಷ್ಯರೇ 19 ತೋಳಗಳನ್ನು ಹೊರಗಿನಿಂದ ತಂದು ಬಿಡಬೇಕಾಯಿತು. ಒಂದು ಸಲದ ವಲಸೆ ದ್ವೀಪಕ್ಕೆ ಕೊಟ್ಟದ್ದು ಕೆಲವೇ ವರ್ಷಗಳ ಬಿಡುವು.

ಕ್ಯಾಮೆರಾಕ್ಕೆ ಚೆಂದ, ಕಾಡಿಗೆ ಎಚ್ಚರಿಕೆ

ನಮ್ಮ ದೇಶದಲ್ಲೂ ಇಂಥ ದ್ವೀಪವಿದೆ, ಸುತ್ತ ನೀರಿಲ್ಲ ಅಷ್ಟೇ. ಒಡಿಶಾದ ಸಿಮಿಲಿಪಾಲದಲ್ಲಿ ಕಪ್ಪು ಹುಲಿಗಳಿವೆ. ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು ಮೈ ಕಪ್ಪಾಗಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಕಾರಣ ಪತ್ತೆ ಮಾಡಿತು. ಟ್ಯಾಕ್‌ಪೆಪ್ ಎಂಬ ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನ್ ಬಂದರೆ ಮಾತ್ರ ಮರಿ ಕಪ್ಪು. ದೇಶದ ಬೇರೆ ಕಾಡುಗಳಲ್ಲಿ ಇಂಥ ಹುಲಿ ಕಾಣಸಿಗುವುದಿಲ್ಲ. ಸಿಮಿಲಿಪಾಲದಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಪ್ರವಾಸಿಗರು ಮುಗಿಬಿದ್ದು ನೋಡುವ ಆ ಬಣ್ಣ, ಹೊರಗಿನ ಹುಲಿ ಬಹುಕಾಲದಿಂದ ಅಲ್ಲಿಗೆ ಬಂದಿಲ್ಲ ಎಂಬುದರ ಗುರುತು. ಕಪ್ಪು ಮೈಯಿಂದ ಹುಲಿಗೆ ಕೇಡಿರಲಿಕ್ಕಿಲ್ಲ. ಆದರೆ ಅದೇ ದಾರಿಯಲ್ಲಿ ಕಣ್ಣಿಗೆ ಕಾಣದ ದೋಷಗಳೂ ಜೋಡಿಯಾಗುತ್ತವೆ.

ಹಾಗಾಗಿಯೇ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಝೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ತಂದರು. ಬಿಟ್ಟ ಕೆಲವೇ ವಾರಗಳಲ್ಲಿ ಝೀನತ್ ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳ ಸೇರಿತು. ಡಿಸೆಂಬರ್ 29ರಂದು ಬಾಂಕುಡಾ ಜಿಲ್ಲೆಯಲ್ಲಿ ಅರಿವಳಿಕೆ ಕೊಟ್ಟು ಹಿಡಿದು ವಾಪಸು ತರಬೇಕಾಯಿತು. ಲಾರಿಯಲ್ಲಿ ವಲಸೆ ಮಾಡಿಸುವುದು ಎಷ್ಟು ದುಬಾರಿ, ಎಷ್ಟು ಅನಿಶ್ಚಿತ ಎಂಬುದು ಆ ತಿಂಗಳಲ್ಲಿ ಮೂರು ರಾಜ್ಯಗಳಿಗೆ ಗೊತ್ತಾಯಿತು.

ಊರು ದಾಟಿದರೂ ಒಳಗೇ ಉಳಿದವರು

ಮನುಷ್ಯರ ವಿಷಯಕ್ಕೆ ಬಂದರೆ ಲೆಕ್ಕ ವಿಚಿತ್ರವಾಗುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದೊಳಗಿನ ವಲಸಿಗರು 45 ಕೋಟಿ ದಾಟುತ್ತಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಊರು ಬಿಟ್ಟದ್ದು ಮದುವೆಯಿಂದ, ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಹುಲಿಯಲ್ಲಿ ಗಂಡು ದೂರ ಹೋಗುತ್ತದೆ, ನಮ್ಮಲ್ಲಿ ತವರು ಬಿಡುವವಳು ಹೆಣ್ಣು. ಇಷ್ಟೊಂದು ಓಡಾಟವಿರುವ ದೇಶದಲ್ಲಿ ತಳಿಗಳು ಚೆನ್ನಾಗಿ ಬೆರೆತಿರಬೇಕಲ್ಲವೇ?

ಬೆರೆತಿಲ್ಲ. ಹುಡುಗಿ ಹಾವೇರಿಯಿಂದ ಹಾಸನಕ್ಕೆ ಹೋಗಬಹುದು, ಹೋಗುವ ಮನೆ ಸ್ವಜಾತಿಯದ್ದೇ. ದೂರ ದಾಟುತ್ತಾಳೆ, ಗುಂಪು ದಾಟುವುದಿಲ್ಲ. ಹೈದರಾಬಾದಿನ ಕುಮಾರಸಾಮಿ ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಕ್ ಮೊದಲಾದ ತಳಿವಿಜ್ಞಾನಿಗಳ ಅಧ್ಯಯನಗಳು ತೋರಿಸಿದ್ದು ಇದನ್ನೇ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಉಪಖಂಡದ ಜನ ಧಾರಾಳವಾಗಿ ಬೆರೆತರು, ಆಮೇಲೆ ಬಾಗಿಲು ಮುಚ್ಚಿದರು. 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿದಾಗ 81ರಲ್ಲಿ ಕೆಲವೇ ಮೂಲಪುರುಷರ ಛಾಪು, ಅದಕ್ಕೇ ಹೆಸರಾದ ಫಿನ್ಲೆಂಡಿನವರಿಗಿಂತಲೂ ಗಾಢವಾಗಿತ್ತು. ಅವುಗಳಲ್ಲಿ ಹತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಸಮುದಾಯಗಳೂ ಇದ್ದವು. ತಲೆ ಎಷ್ಟು ಎಂಬ ಒಂದೇ ಅಂಕಿಯಿಂದ ಸಮಾಧಾನಪಡಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಂಧ್ರದ ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಬ್ಯುಟೈರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವದ ಕೊರತೆ ಇರುತ್ತದೆ. ದಿನನಿತ್ಯದ ಬದುಕಿಗೆ ಏನೂ ತೊಂದರೆಯಿಲ್ಲ. ಆದರೆ ಆಪರೇಷನ್ ಟೇಬಲ್ ಮೇಲೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧ ಅವರ ಮೈಯಲ್ಲಿ ಬೇಗ ಕರಗದೆ, ಸ್ವಂತ ಉಸಿರಾಟ ಮರಳುವುದು ತೀರಾ ತಡವಾಗುತ್ತದೆ. ಅರಿವಳಿಕೆ ವೈದ್ಯರು ಮೊದಲೇ ತಿಳಿದಿದ್ದರೆ ಬೇರೆ ಔಷಧ ಕೊಡುತ್ತಾರೆ. ಇದು ಯಾರ ತಪ್ಪೂ ಅಲ್ಲ. ತಲೆಮಾರಿಗೆ ನೂರರಲ್ಲಿ ಒಬ್ಬರು ಹೊರಗಿನಿಂದ ಬಂದಿದ್ದರೂ ಹಳೆಯ ಆ ಛಾಪು ಅಳಿದುಹೋಗುತ್ತಿತ್ತು ಎನ್ನುತ್ತದೆ ಗಣಿತ. ಇದರ ಮೇಲೆ ದಕ್ಷಿಣದವರ ಸೋದರಿಕೆ ಮದುವೆಯ ರೂಢಿ ಬೇರೆ. ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದೊಳಗೆ ನಡೆಯುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ಬೆರಕೆ ತಪ್ಪಿದಾಗ

ಹಾಗೆಂದು ಯಾರು ಬಂದರೂ ಒಳ್ಳೆಯದೇ ಎನ್ನುವಂತಿಲ್ಲ. ಹಳೆಯ ಚೆಕೊಸ್ಲೊವಾಕಿಯಾದ ತಾತ್ರಾ ಬೆಟ್ಟಗಳಲ್ಲಿ ಐಬೆಕ್ಸ್ ಎಂಬ ಕಾಡುಮೇಕೆ ನಶಿಸಿದಾಗ ಆಸ್ಟ್ರಿಯಾದಿಂದ ತಂದ ಮೇಕೆಗಳು ಚೆನ್ನಾಗಿ ಹೊಂದಿಕೊಂಡವು. ಆಮೇಲೆ ಟರ್ಕಿ ಮತ್ತು ಸೈನಾಯ್‌ನ ಬಿಸಿನಾಡಿನ ಮೇಕೆಗಳನ್ನೂ ಸೇರಿಸಿದರು. ಬೆರಕೆ ಮೇಕೆಗಳು ಚಳಿಗಾಲದ ಬದಲು ಶರತ್ಕಾಲದಲ್ಲೇ ಬೆದೆಗೆ ಬಂದವು, ಮರಿಗಳು ಕೊರೆಯುವ ಫೆಬ್ರವರಿಯಲ್ಲಿ ಹುಟ್ಟಿದವು. ಇಡೀ ಹಿಂಡು ಅಳಿಯಿತು. ಎಷ್ಟು ಬರಬೇಕು ಎಂಬ ಪ್ರಶ್ನೆಯ ಬೆನ್ನಿಗೇ ಎಲ್ಲಿಂದ ಬರಬೇಕು ಎಂಬುದೂ ಇದೆ. ಪಕ್ಕದ ಕಾಡಿನಿಂದ ತಾನಾಗಿ ನಡೆದು ಬರುವ ಹುಲಿ ಎರಡಕ್ಕೂ ಉತ್ತರ.

ತಿದ್ದಬಹುದಾದ ಅಂಕಿ

ನಡೆದು ಬರಲು ದಾರಿ ಬೇಕು. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲಿನ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 44ರ ಕೆಳಗೆ ಪ್ರಾಣಿಗಳಿಗೆಂದೇ ಒಂಬತ್ತು ಹಾದಿ ಕಟ್ಟಿದ್ದಾರೆ, ಅತಿ ದೊಡ್ಡದರ ಉದ್ದ 750 ಮೀಟರ್. ಮೇಲೆ ಲಾರಿ ಓಡುವಾಗ ಕೆಳಗೆ ಹುಲಿ ದಾಟುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಅದನ್ನು ತೆಗೆಯಬೇಕೆಂಬ ಒತ್ತಡ ಇನ್ನೂ ನಿಂತಿಲ್ಲ.

ಕರ್ನಾಟಕದಲ್ಲಿ 2022ರ ಗಣತಿಯಂತೆ 563 ಹುಲಿಗಳಿವೆ. ಮುಂದಿನ ಗಣತಿಯಲ್ಲಿ ಅದು 600 ದಾಟಿದರೆ ಸಂಭ್ರಮಿಸುತ್ತೇವೆ. ನಾಗರಹೊಳೆಯಿಂದ ಎಷ್ಟು ಹುಲಿ ಭದ್ರಾ, ಕಾಳಿಯ ಕಡೆ ತಲುಪಿ ಮರಿ ಮಾಡಿದವು ಎಂದು ಯಾರೂ ಕೇಳುವುದಿಲ್ಲ. 2027ರ ಜನಗಣತಿಯಲ್ಲೂ ಗಮನ ಒಟ್ಟು ಸಂಖ್ಯೆಯ ಮೇಲೆಯೇ ಇರುತ್ತದೆ. ರಾಯಚೂರು, ಯಾದಗಿರಿಯಿಂದ ಗುಳೆ ಹೋಗಿ ಆರು ತಿಂಗಳಿಗೆ ಮರಳುವವರು ಅದರ ಬಲೆಗೆ ಸರಿಯಾಗಿ ಬೀಳುವುದಿಲ್ಲ.

ಹೆರಿಗೆಯ ಪ್ರಮಾಣ ಬದಲಾಗಲು ಒಂದು ತಲೆಮಾರು ಬೇಕು. ಸಾವಿನ ಪ್ರಮಾಣ ಇಳಿಸಲು ದಶಕಗಳ ಆಸ್ಪತ್ರೆ, ನೀರು, ಅನ್ನ ಬೇಕು. ವಲಸೆಯ ಪ್ರಮಾಣ ಹಾಗಲ್ಲ. ಒಂದು ಅಂಡರ್‌ಪಾಸ್‌ನಿಂದ, ತಾಲ್ಲೂಕು ಕೇಂದ್ರದಲ್ಲೇ ಸಿಗುವ ಒಂದು ಸಂಬಳದ ಕೆಲಸದಿಂದ, ಜಾತಿಯಾಚೆಯ ಒಂದು ಮದುವೆಗೆ ಮನೆಯವರು ಒಪ್ಪುವುದರಿಂದ ಅದು ಬದಲಾಗುತ್ತದೆ. ಮೂರು ಅಂಕಿಗಳಲ್ಲಿ ನಮ್ಮ ಕೈಗೆ ಅತಿ ಬೇಗ ಬಗ್ಗುವುದು ಇದೊಂದೇ, ನಾವು ಅತಿ ಕಡಿಮೆ ಅಳೆಯುವುದೂ ಇದನ್ನೇ.