ಸಂಜೆಗೆ ಸಡಿಲಿಸಿದ ಹಾಸು

ವೈ.ಎನ್. ಹೊಸಕೋಟೆಯ ನೇಕಾರರ ಮನೆಯಲ್ಲಿ ಹುಟ್ಟಿದವನು ಬಿಗಿತವೆಂಬ ಮಾತಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ. ಪಾವಗಡ ತಾಲ್ಲೂಕಿನ ಈ ಊರು ಆಂಧ್ರದ ಗಡಿಗೆ ಸಮೀಪದ್ದು. ಮಳೆ ಕಡಮೆ, ಮಗ್ಗ ಹೆಚ್ಚು. ನಮ್ಮ ತಂದೆಯವರು ಕುಣಿಮಗ್ಗದಲ್ಲಿ ಕುಳಿತು ರೇಷ್ಮೆ ಸೀರೆ ನೇಯುತ್ತಿದ್ದರು. ಹಾಸಿನ ಎಳೆಗಳು ಬಿಗಿಯಾಗಿ ನಿಲ್ಲದಿದ್ದರೆ ಲಾಳಿ ನೆಟ್ಟಗೆ ಹಾಯುವುದಿಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಮಗ್ಗದಿಂದ ಏಳುವಾಗ ಅವರು ಮರೆಯದೆ ಹಾಸನ್ನು ಒಂದಿಷ್ಟು ಸಡಿಲಿಸುವರು. ಕಾರಣ ಕೇಳಿದರೆ, “ಅದಕ್ಕೂ ರಾತ್ರಿ ಬೇಡವೇನಪ್ಪಾ?” ಎನ್ನುವರು. ಇದು ಬರಿಯ ಮಮತೆಯ ಮಾತಲ್ಲ. ರೇಷ್ಮೆಯ ಎಳೆಯನ್ನು ಅಲ್ಪಸ್ವಲ್ಪ ಎಳೆದು ಬಿಟ್ಟರೆ ಬಹುಮಟ್ಟಿಗೆ ಮೊದಲಿನ ಉದ್ದಕ್ಕೆ ಹಿಂದಿರುಗುತ್ತದೆ; ಮಿತಿಮೀರಿ ಎಳೆದರೆ ಹಿಂದಿರುಗದು.

ದೇಹದ ವಿಷಯದಲ್ಲಿ ಇಂಥದೊಂದು ಮಿತಿಯನ್ನು ಕಂಡವರು ಹಾನ್ಸ್ ಸೆಲ್ಯೆ. ಮಾಂಟ್ರಿಯಲ್ ನಗರದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿದ್ದ ಅವರು 1936ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಬರಹ ಕಳಿಸಿದರು. ಇಲಿಗಳನ್ನು ಚಳಿಗೊಡ್ಡಿದರೂ, ಅತಿಯಾಗಿ ದಣಿಸಿದರೂ, ವಿಷದ ಮದ್ದು ಕೊಟ್ಟರೂ ಅವುಗಳ ದೇಹ ತೋರುವ ಲಕ್ಷಣಗಳು ಒಂದೇ ಬಗೆಯವೆಂದು ಅದರಲ್ಲಿ ತಿಳಿಸಿದರು. ಮೊದಲು ಗಾಬರಿ, ಬಳಿಕ ತಡೆದು ನಿಲ್ಲುವ ಅವಸ್ಥೆ, ಕೊನೆಗೆ ಬಳಲಿಕೆ. ನಡುವಣ ಅವಸ್ಥೆಯೇ ಮೋಸದ್ದೆಂದು ನನಗೆ ತೋರುತ್ತದೆ. ಆಗ ಮನುಷ್ಯ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ. ಹಾವನ್ನು ಕಂಡಾಗ ಒಸರುವ ಅಡ್ರಿನಲಿನ್, ಕಾರ್ಟಿಸಾಲ್‌ಗಳು ಸಾಲದ ಕಂತು ನೆನಪಾದಾಗಲೂ ಒಸರುತ್ತವೆ. ಹಾವು ಹರಿದು ಹೋಗುತ್ತದೆ. ಕಂತು ತಿಂಗಳು ತಿಂಗಳೂ ಬರುತ್ತದೆ.

ಕನ್ನಡದಲ್ಲಿ ‘ದಣಿವಾರಿಸಿಕೊಳ್ಳುವುದು’ ಎಂಬ ಮಾತಿದೆ. ಕಾದದ್ದು ಆರಬೇಕು, ಒದ್ದೆಯಾದದ್ದೂ ಆರಬೇಕು. ಆರುವುದಕ್ಕೆ ಹೊತ್ತು ಬೇಕು. ತರಗತಿಯಲ್ಲಿ ಈ ಪದವನ್ನು ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಹೇಳಿ ಮುಗಿಸಿ, ಏದುಸಿರು ಬಿಡುತ್ತ ಮುಂದಿನ ತರಗತಿಗೆ ಓಡಿದ್ದೇನೆ.

ತಂದೆಯವರ ಕಾಲವಾದ ಮೇಲೆ ಅಣ್ಣ ಸಾಲ ಮಾಡಿ ಎರಡು ವಿದ್ಯುತ್ ಮಗ್ಗ ಹಾಕಿಸಿದ. ತಂದೆಯವರು ಅಮಾವಾಸ್ಯೆಯಂದು ಮಗ್ಗ ಮುಟ್ಟುತ್ತಿರಲಿಲ್ಲ; ಆ ಬಿಡುವೂ ಹೋಯಿತು. ಕಳೆದ ಮದುವೆಯ ಕಾಲದಲ್ಲಿ ಅತ್ತಿಗೆ ಫೋನು ಮಾಡಿದರು: “ನಿಮ್ಮಣ್ಣ ತಟ್ಟೆ ಮುಂದೆ ಕೂತು ಸುಮ್ನೆ ಅಳ್ತಾರೆ. ನೀವಾದ್ರೂ ಬಂದು ಒಂದು ಮಾತು ಹೇಳಿ.” ನಾನು ಉಪನ್ಯಾಸವೊಂದನ್ನು ಸಿದ್ಧಮಾಡಿಕೊಂಡೇ ಹೋದೆ. ಸೆಲ್ಯೆಯ ಇಲಿಗಳನ್ನೂ ಬಿಡಲಿಲ್ಲ. ಅಣ್ಣ ಎಲ್ಲವನ್ನೂ ಕೇಳಿ, “ಸರಿ ಮೇಷ್ಟ್ರೇ, ಸೀರೆಗೆ ಇಷ್ಟು ಅಂತ ಕೂಲಿ ಕೊಡ್ತಾರೆ. ನಿದ್ದೆಗೆ ಯಾರು ಕೊಡ್ತಾರೆ?” ಎಂದ. ತಿಂಗಳ ಸಂಬಳದವನ ಬಾಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ವಿಶ್ರಾಂತಿಯನ್ನು ಬೋಧಿಸುವ ಬರಹಗಳು ಬಹುಮಟ್ಟಿಗೆ ನನ್ನಂಥವರು ಬರೆದವೇ ಅಲ್ಲವೆ?

ಆ ರಾತ್ರಿ ಕತ್ತಲಲ್ಲಿ ಅವನ ದನಿ ಕೇಳಿತು: “ಮಲಗಿದ್ದೀಯೇನೋ? ಆವಾಗಿನಿಂದ ಆ ಫೋನು ನಿನ್ನ ಮುಖ ಬೆಳಗ್ತಾ ಇದೆ.” ರಕ್ತದೊತ್ತಡಕ್ಕೆ ಎರಡು ವರ್ಷಗಳಿಂದ ಮಾತ್ರೆ ನುಂಗುತ್ತಿರುವುದನ್ನು ಅವನಿಗೆ ಆಗಲೇ ಮೊದಲು ಹೇಳಿದ್ದು.

ಬೆಳಿಗ್ಗೆ ಅತ್ತಿಗೆ ಲೆಕ್ಕದ ಪುಸ್ತಕ ತಂದರು. ಹತ್ತು ಗಂಟೆಯ ಮೇಲೆ ನೇಯ್ದ ಸೀರೆಗಳಲ್ಲಿ ಎಳೆ ತಪ್ಪಿದ್ದಕ್ಕೆ, ಕಲೆ ಬಿದ್ದದ್ದಕ್ಕೆ ಕೂಲಿ ಮುರಿದುಕೊಂಡದ್ದೆಲ್ಲ ಅವರ ಕೈಬರಹದಲ್ಲಿ ಇತ್ತು. ಮೂವರೂ ಕೂಡಿಸಿ ಕಳೆದು ನೋಡಿದೆವು. ಇರುಳಿನ ದುಡಿಮೆಯಲ್ಲಿ ಉಳಿಯುತ್ತಿದ್ದುದು ನಾವೆಣಿಸಿದ್ದರ ಅರ್ಧಕ್ಕೂ ಕಡಮೆ. ಪೂರಾ ಏನೂ ಇಲ್ಲವೆಂದೇನಲ್ಲ; ಆ ಅರ್ಧವೂ ಬೇಕಾದ ಮನೆ ಅದು. ಕೊನೆಗೆ, ಸಾಲ ತೀರುವ ತನಕ ಕಂತಿನ ಒಂದು ಪಾಲು ನನ್ನದು, ಒಂಬತ್ತಕ್ಕೆ ಮಗ್ಗ ನಿಲ್ಲಿಸುವುದು ಅವನದು ಎಂದಾಯಿತು. ಅಳುವಿನ ವಿಷಯವನ್ನು ಲೆಕ್ಕದ ಪುಸ್ತಕಕ್ಕೆ ಬಿಡಲಾಗದೆಂದು ಅತ್ತಿಗೆ ಹಟ ಹಿಡಿದು ಅವನನ್ನು ವೈದ್ಯರ ಬಳಿಗೂ ಕರೆದೊಯ್ದರು. ಮನಸ್ಸಿನ ತೊಂದರೆಗಳಿಗಾಗಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಈಗ ಮಗ್ಗದ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.

ಹೋದ ಅಮಾವಾಸ್ಯೆಯಂದು ಅತ್ತಿಗೆ ಮತ್ತೆ ಫೋನು ಮಾಡಿದರು. ಮಗ್ಗ ನಿಂತಿದೆ, ಆದರೆ ಸದ್ದಿಲ್ಲದ ಮನೆಯಲ್ಲಿ ಏನು ಮಾಡುವುದೆಂದು ತಿಳಿಯದೆ ಅಣ್ಣ ಒಳಗೂ ಹೊರಗೂ ತಿರುಗುತ್ತಿದ್ದಾನಂತೆ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದನಂತೆ. “ನೀವೇನು ಮಾಡ್ತಿದ್ದೀರಿ?” ಎಂದು ಕೇಳಿದರು. ಭಾನುವಾರ ಸಂಜೆ ಏಳು ಗಂಟೆ. ನನ್ನ ತೊಡೆಯ ಮೇಲೆ ಅಂಕಪಟ್ಟಿ ಇತ್ತು.