ನವಲಗುಂದದ ಜಮಖಾನೆ: ಸಮಮಿತಿ ಪಾಠಕ್ಕೊಂದು ಸ್ಥಳೀಯ ಕಲಿಕೋಪಕರಣ

ಇರಾನಿನ ಬಖ್ತಿಯಾರಿ ಬುಡಕಟ್ಟಿನ ನೆಲಗಂಬಳಿಗಳಲ್ಲಿ ಇಡೀ ಹಾಸನ್ನು ಚೌಕಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ಮರ, ಹೂವುಗಳನ್ನು ನೇಯ್ದಿರುತ್ತಾರೆ. ಅದು ಉದ್ಯಾನದ ನಕ್ಷೆ. ನಮ್ಮ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯಲ್ಲಿ ನವಿಲು, ಪಗಡೆ ಹಾಸು ಮೂಡುತ್ತವೆ. ಕೇಶ್ವಾಪುರದ ಶಾಲೆಯಲ್ಲಿ ಸಮಮಿತಿ ಕಲಿಸಲು ಹತ್ತಿರದ ಈ ಉದಾಹರಣೆಯೇ ಹೆಚ್ಚು ಸೂಕ್ತ.

ಮೊದಲು ನೇಯ್ಗೆಯ ತತ್ವ. ಮಗ್ಗದಲ್ಲಿ ಬಿಗಿದ ಉದ್ದದ ದಾರ ಹಾಸು. ಅಡ್ಡ ಹಾಯುವುದು ಹೊಕ್ಕು. 'ಹಾಸುಹೊಕ್ಕು' ಎಂಬ ಮಾತು ಬಂದದ್ದು ಇಲ್ಲಿಂದಲೇ. ಬಖ್ತಿಯಾರಿ ಕಂಬಳಿಯಲ್ಲಿ ಉಣ್ಣೆಯ ಗಂಟುಗಳು ಚಿತ್ರ ಮೂಡಿಸುತ್ತವೆ. ಹತ್ತಿಯ ಜಮಖಾನೆಯಲ್ಲಿ ಗಂಟಿಲ್ಲ. ಬಣ್ಣದ ಹೊಕ್ಕನ್ನು ಒತ್ತಿ ಕೂಡಿಸಿದಾಗ ಹಾಸು ಮರೆಯಾಗಿ, ಹೊಕ್ಕಿನ ಬಣ್ಣವೇ ಚಿತ್ರವಾಗುತ್ತದೆ. ಓರೆಗೆರೆ ಬೇಕಾದರೆ ಬಣ್ಣದ ಅಂಚನ್ನು ಕೆಲವು ಎಳೆಗಳಷ್ಟು ಪಕ್ಕಕ್ಕೆ ಸರಿಸುತ್ತ ಹೋಗಬೇಕು. ಆದ್ದರಿಂದ ನವಿಲಿನ ಕೊರಳೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿದಂತೆಯೇ ಇದು.

ಚಟುವಟಿಕೆಗೆ ಪಗಡೆ ಹಾಸು ತೆಗೆದುಕೊಳ್ಳೋಣ. ಪ್ರತಿ ತೋಳಿನಲ್ಲಿ 3 ಸಾಲು, ಸಾಲಿಗೆ 8 ಮನೆ. ನಾಲ್ಕು ತೋಳಿಗೆ 96 ಮನೆ. ನಡುವೆ 3×3 ಚೌಕ ಬಿಟ್ಟರೆ 19×19 ಚೌಕಗಳ ಹಾಳೆ ಸಾಕು. ವಿದ್ಯಾರ್ಥಿಗಳು ಮಡಿಸಿ ನೋಡಲಿ: 4 ಸಮಮಿತಿ ರೇಖೆಗಳು. ತಿರುಗಿಸಿ ನೋಡಲಿ: ಪರಿಭ್ರಮಣ ಸಮಮಿತಿಯ ದರ್ಜೆ 4. ಎದುರುಬದುರಿನ ಎರಡು ತೋಳುಗಳಿಗೆ ಕೆಂಪು, ಉಳಿದೆರಡಕ್ಕೆ ಹಳದಿ ತುಂಬಿದರೆ? ರೇಖೆಗಳು 2, ದರ್ಜೆ 2. ಒಂಟಿ ನವಿಲಿಗೆ ರೇಖೆಯಿಲ್ಲ. ಎದುರುಬದುರು ನಿಂತ ಜೋಡಿಗೆ ಒಂದು ರೇಖೆಯುಂಟು. ಉತ್ತರಕ್ಕಿಂತ 'ಏಕೆ?' ಎಂಬ ಪ್ರಶ್ನೆ ಇಲ್ಲಿ ಮುಖ್ಯ.

ಪಾಠ ಇಲ್ಲಿಗೇ ನಿಲ್ಲಬಾರದು. ಈ ಜಮಖಾನೆ ನೇಯುವವರು ಮುಸ್ಲಿಂ ಮಹಿಳೆಯರು. ವಿದ್ಯೆ ಹೊರಗೆ ಹೋಗದಿರಲೆಂದು ಹಿಂದೆ ಮಗಳಿಗಿಂತ ಸೊಸೆಗೆ ಕಲಿಸುತ್ತಿದ್ದರೆಂಬ ಮಾತಿದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆ ಮಾನ್ಯತೆ ಹೆಸರನ್ನು ಕಾಯುತ್ತದೆ. ದಿನಗಟ್ಟಲೆ ಕೂತು ನೇಯುವ ಕೈಗೆ ತಕ್ಕ ಕೂಲಿಯನ್ನು ತಾನೇ ಕೊಡಿಸಲಾರದು. ಕೂಲಿ ಸಾಲದಾದಾಗ ಮುಂದಿನವರು ಮಗ್ಗದ ಮುಂದೆ ಕೂರುವುದಿಲ್ಲ. ನೇಯ್ಗೆ ನಿಂತರೆ ಪಠ್ಯದ ಚಿತ್ರ ಮಾತ್ರ ಉಳಿಯುತ್ತದೆ.

ಹೀಗಾಗಿ ಪಾಠ ಯೋಜನೆಯ ಮೌಲ್ಯಮಾಪನದಲ್ಲಿ ಎರಡು ಪ್ರಶ್ನೆ ಇರಲಿ: ಈ ವಿನ್ಯಾಸದಲ್ಲಿ ಎಷ್ಟು ಸಮಮಿತಿ ರೇಖೆಗಳಿವೆ? ಗ್ರಾಫ್ ಹಾಳೆಯಿಲ್ಲದೆ ಇದನ್ನು ಎಣಿಸಿ ನೇಯ್ದವರಿಗೆ ಯಾವ ಗಣಿತ ಗೊತ್ತಿರಬೇಕು?